ಕುರಿಗಾರರ ಕೊಪ್ಪಿಯಿಂದ ಹುಡ್ ಜಾಕೆಟ್: ನನ್ನ ಅನುಭವ

ಕಂಬಳಿಯಿಂದ ಹುಡ್ ಜಾಕೆಟ್ ಆಗಲ್ಲ ಅಂತ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಎಷ್ಟು ಜನ ಟೇಲರ್ ಮಾಸ್ಟರ್‌ಗಳು ಹೇಳಿದರೋ ಲೆಕ್ಕವಿಲ್ಲ. ಈಗ ಆಗಿದೆ. ಎರಡು ಚಳಿಗಾಲ ಮಾರಿದ್ದೇನೆ. ತೊಳೆದ ಮೇಲೂ ಆಕಾರ ಹೋಗಿಲ್ಲ, ವಾಪಸ್ ಬರೋದು ನಿಂತಿದೆ. ಆಗಲ್ಲ ಅಂದವರಲ್ಲಿ ಇಬ್ಬರು ಮೊನ್ನೆ ಅಂಗಡಿಗೆ ಬಂದು ಜಾಕೆಟ್ ಒಳಹೊರಗೆ ಮಗುಚಿ ನೋಡಿ, ಹೆಂಗ್ ಮಾಡಿದ್ರಿ ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ. ಹೊಲಿಗೆ ಗೊತ್ತಿರುವವರಿಗೆ ಬರೆದದ್ದು ಇದು. ಅಸ್ತರ್ (ಒಳಬಟ್ಟೆ) ಹೇಗೆ ಕೊಡೋದು, ಕ್ರಾಸ್ ಪಟ್ಟಿ ಹೇಗೆ ತೆಗೆಯೋದು ಅಂತ ಬಿಡಿಸಿ ಹೇಳಲ್ಲ.

ಮೊದಲಿಗೆ ಎಲ್ಲರೂ ಮಾಡುವ ದಾರಿಯಲ್ಲೇ ಹೋದದ್ದು. ಪೇಟೆಯ ಜಾಕೆಟ್ ಒಂದನ್ನು ಬಿಚ್ಚಿ, ಪೇಪರ್ ಮೇಲೆ ಪ್ಯಾಟರ್ನ್ ತೆಗೆದು, ಕಂಬಳಿ ಮೇಲಿಟ್ಟು ಕತ್ತರಿಸೋದು. ಮೈ ಭಾಗ ಮೂರು ತುಂಡು, ತೋಳು ಎರಡು, ಹುಡ್ ಮೂರು, ಜೇಬು ಬೇರೆ. ಈ ಕಟಿಂಗ್ ಕಂಬಳಿಗೆ ಒಗ್ಗಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆ ದಪ್ಪ, ಒರಟು, ಅದರಲ್ಲಿ ಕೂದಲಿನ ಅಂಶ ಜಾಸ್ತಿ. ನೂಲು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಳ್ಳಲ್ಲ. ಕತ್ತರಿ ಓರೆಯಾಗಿ ಬಿದ್ದ ಕಡೆಯೆಲ್ಲ ಬಿಚ್ಚಿಕೊಳ್ಳುತ್ತೆ. ತೋಳಿನ ದುಂಡು ಕತ್ತರಿಸಿ ಮೆಷಿನ್ ಕೆಳಗೆ ಇಡುವಷ್ಟರಲ್ಲಿ ಅರ್ಧ ಇಂಚು ಹೋಗಿರುತ್ತೆ. ಅಂಚಿಗೆ ಓವರ್‌ಲಾಕ್ ಹೊಲಿಗೆ ಹೊಡೆದರೆ ಓವರ್‌ಲಾಕ್ ಸಮೇತ ಕಿತ್ತು ಬರುತ್ತೆ. ಕತ್ತಿನ ಹತ್ತಿರ ನಾಲ್ಕು ಪದರ ಕೂಡಿದ ಕಡೆ 16 ನಂಬರ್ ಸೂಜಿ ಪಟ್ ಅಂತ ಮುರಿಯುತ್ತೆ.

ಆ ಲಾಟ್‌ನಲ್ಲಿ ಒಂದು ಡಜನ್ ಆಸುಪಾಸು ಪೀಸ್ ಇದ್ದವು. ಕಂಬಳಿ, ಅಸ್ತರ್, ಜಿಪ್, ಹುಡುಗಿಯರ ಕೂಲಿ ಎಲ್ಲ ಸೇರಿ 35,000 ದಾಟಿತ್ತು. ಸಂಘದ ಸಾಲ ಅದು, ತಿಂಗಳಿಗೆ ನೂರಕ್ಕೆ 2 ಬಡ್ಡಿ. ಬೆಂಗಳೂರಿನ ಒಂದು ಬೊಟಿಕ್ ಏಳೆಂಟು ಪೀಸ್ ಇಟ್ಟುಕೊಂಡಿತ್ತು. ಹೆಚ್ಚುಕಡಿಮೆ ಎಲ್ಲ ವಾಪಸ್ ಬಂದವು. ಚುಚ್ಚುತ್ತೆ ಅಂದರು, ವಾಸನೆ ಅಂದರು, ಹುಡ್ ತಗಡಿನ ಹಾಗೆ ನೆಟ್ಟಗೆ ನಿಲ್ಲುತ್ತೆ ಅಂದರು. ಹೋಗುವ ಬರುವ ಕೊರಿಯರ್ ಖರ್ಚು ನನ್ನ ತಲೆಗೇ ಬಂತು. ಭಾವನವರು ಅಂಗಡಿಯಲ್ಲಿ ಕೂತು ಅಂದರು, "ಏನವಾ, ಕಲಬುರಗಿ ಬಿಸಿಲಾಗ ಉಣ್ಣಿ ಜಾಕೆಟ್ ಹೊಲೀಲಕತ್ತಿ, ಯಾರ್ ಹಾಕೋತಾರ?" ಮೇ ತಿಂಗಳು, ಹೊರಗೆ 43 ಡಿಗ್ರಿ. ಉತ್ತರ ಕೊಡುವ ಹೊತ್ತಲ್ಲ ಅದು. ಸುಮ್ನೆ ಇದ್ದೆ.

ದಾರಿ ಸಿಕ್ಕಿದ್ದು ಸುರಪುರದ ಕಡೆ. ಕಂಬಳಿ ತರೋಕೆ ಹೋದಾಗ ಜಿಟಿಜಿಟಿ ಮಳೆ. ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಕಾಕಾ ಕಂಬಳಿ ಕೊಪ್ಪಿ ಹಾಕಿಕೊಂಡು ನಿಂತಿದ್ದ. ಕೊಪ್ಪಿ ನಮಗೆಲ್ಲ ಗೊತ್ತಿರೋದೇ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆ ಮೇಲೆ ಹಾಕಿಕೊಂಡು ಮಳೆಯಲ್ಲಿ ಓಡಿದವರೇ ನಾವು. ಆದರೆ ಹೊಲಿಯುವವಳ ಕಣ್ಣಿಂದ ಅದನ್ನು ನೋಡಿದ್ದು ಆವತ್ತೇ. ಬಿಚ್ಚಿ ಇನ್ನೊಮ್ಮೆ ಹಾಕಿ ತೋರಿಸು ಕಾಕಾ ಅಂದೆ. ಕಂಬಳಿಯ ಗಿಡ್ಡ ಅಂಚನ್ನು ಸರಿಯಾಗಿ ನಡುವೆ ಮಡಚಿದ. ಎರಡು ತುದಿ ಒಂದರ ಮೇಲೊಂದು ತಂದ. ಗೇಣಷ್ಟು ಕೆಳಗೆ ಒಂದು ಜಾಲಿ ಮುಳ್ಳು ಚುಚ್ಚಿದ. ಅಷ್ಟೇ. ಮಡಿಕೆ ತಲೆ ಮೇಲೆ ಕೂತಿತು, ಉಳಿದದ್ದು ಬೆನ್ನ ಮೇಲೆ ಇಳಿಯಿತು. ಹುಡ್ಡಿಗೂ ಬೆನ್ನಿಗೂ ನಡುವೆ ಹೊಲಿಗೆಯೇ ಇಲ್ಲ. ಮುಖದ ಸುತ್ತ ಬಂದದ್ದು ಕತ್ತರಿ ತಾಗದ ಅಂಚು, ಹಾಗಾಗಿ ಒಂದು ನೂಲೂ ಬಿಚ್ಚಲ್ಲ. ನಾನು ಜಾಕೆಟ್ ಕಥೆ ಹೇಳಿದೆ. ಕಾಕಾ ಪೂರ್ತಿ ಕೇಳಿ, "ಕಂಬಳಿಗಿ ಕತ್ತರಿ ಹಚ್ಚಬಾರದ್ರೀ ಯಕ್ಕಾ, ಮಡಚಬೇಕು" ಅಂದ. ನನ್ನ ಕಟಿಂಗ್ ಪೂರಾ ನಿಂತಿರೋದು ಈ ಒಂದು ಮಾತಿನ ಮೇಲೆ.

ಮನೆಗೆ ಬಂದು ಟ್ರಂಕಿನಿಂದ ಕುಂಚಿಗಿ ತೆಗೆದೆ, ಕೂಸಿಗೆ ಹಾಕುವ ಬೆನ್ನು ಮುಚ್ಚುವ ಟೋಪಿ. ನನ್ನ ಮಗಳ ಹೆಸರಿಡುವ ದಿನ ತವರಿನಿಂದ ಬಂದದ್ದು, ಖಣದ್ದು, ಸುತ್ತ ಜರಿ ಪಟ್ಟಿ. ಅದರ ಹೊಲಿಗೆ ನೋಡಿದರೆ ಇದೂ ಕೊಪ್ಪಿಯೇ. ಒಂದೇ ಉದ್ದ ಬಟ್ಟೆ, ನಡುವೆ ಮಡಿಕೆ, ತಲೆಯ ಹಿಂದೆ ಒಂದು ಹೊಲಿಗೆ. ಹೆಚ್ಚಿಗೆ ಇರೋದು ಒಂದೇ: ಹಿಂದಲೆ ಮುಗಿಯುವಲ್ಲಿ ನಿರಿಗೆ ಕೊಟ್ಟಿದ್ದಾರೆ. ಅಲ್ಲಿಂದ ಬಟ್ಟೆ ಬಿಚ್ಚಿಕೊಂಡು ಬೆನ್ನ ಮೇಲೆ ಅಗಲವಾಗುತ್ತೆ. ಮಗು ಕತ್ತು ತಿರುಗಿಸಿದರೂ ಟೋಪಿ ಜಾರಲ್ಲ. ಕುರಿಗಾರ ಮುಳ್ಳು ಚುಚ್ಚಿದ ಜಾಗದಲ್ಲಿ ನಮ್ಮ ಅಜ್ಜಿಯರು ನಿರಿಗೆ ಹಿಡಿದಿದ್ದಾರೆ. ನನ್ನ ಹುಡ್ಡಿನಲ್ಲೂ ಅದೇ ಇದೆ. ಎಷ್ಟು ನಿರಿಗೆ, ಯಾವ ಕಡೆಗೆ ತಿರುಗಿಸಿದ್ದು ಅನ್ನೋದನ್ನು ಇಲ್ಲಿ ಬರೆಯಲ್ಲ. ಕುಂಚಿಗಿ ಇರುವವರು ಮಗುಚಿ ನೋಡಿದರೆ ಸಿಗುತ್ತೆ.

ಕುರಿಗಾರರ ಬಟ್ಟೆಯನ್ನು ಫ್ಯಾಶನ್ ಅಂತ ಯಾರು ಕೊಳ್ಳುತ್ತಾರೆ ಅಂತ ಕೇಳುವವರಿಗೆ ನಾನು ಒಂದೇ ಮಾತು ಹೇಳೋದು. ಮಾಲ್‌ನಲ್ಲಿ ತೂಗುಹಾಕಿರುವ ಪಾರ್ಕಾ, ಅನೋರಾಕ್ ಜಾಕೆಟ್ ಎಲ್ಲಿಂದ ಬಂದವು? ಉತ್ತರ ಧ್ರುವದ ಹತ್ತಿರ ಬದುಕುವ ಇನ್ಯುಇಟ್ ಮೊದಲಾದ ಜನ ಕ್ಯಾರಿಬೂ (ಹಿಮಸಾರಂಗ), ಸೀಲ್ ಚರ್ಮದಲ್ಲಿ ಹೊಲಿದು ಹಾಕಿಕೊಳ್ಳುತ್ತಿದ್ದ ಅಂಗಿ ಅವು. ಕತ್ತಿನಲ್ಲಿ ಗಾಳಿ ನುಗ್ಗದ ಹಾಗೆ ಹುಡ್ ಮೈಗೇ ಕೂಡಿರುತ್ತೆ. ಅಲ್ಲಿನ ತಾಯಂದಿರ ಪಾರ್ಕಾಕ್ಕೆ ಅಮೌತಿ ಅಂತಾರೆ. ಹುಡ್ಡಿನ ಕೆಳಗೆ ಬೆನ್ನ ಮೇಲೆ ಮಗು ಕೂರುವ ಚೀಲ ಇರುತ್ತೆ. ಅಮೆರಿಕದ ಸೈನ್ಯ 1951ರಲ್ಲಿ ಒಂದು ಹೊಸ ಪಾರ್ಕಾ ತಂದಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರು ಅದನ್ನೇ ಸ್ಕೂಟರ್ ಮೇಲೆ ಹಾಕಿಕೊಂಡು ತಿರುಗಿದರು, ಫ್ಯಾಶನ್ ಆಯಿತು. ಪೊಂಚೋ ನೋಡಿ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದವರ ಕಂಬಳಿ ಅದು, ನಡುವೆ ತಲೆ ತೂರುವಷ್ಟು ಸೀಳು. ಅಷ್ಟು ದೂರ ಯಾಕೆ, ಪೈಜಾಮ ನಮ್ಮ ದೇಶದಿಂದ ಇಂಗ್ಲಿಷರು ಒಯ್ದದ್ದು ಅಲ್ವಾ? ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆಸ್ಟ್ರಿಯಾದ ಟಿರೋಲ್ ಬೆಟ್ಟದ ಲೋಡನ್ ಬಟ್ಟೆ. ಒರಟು ಕುರಿ ಉಣ್ಣೆಯನ್ನು ನೇಯ್ದು, ನೀರಿನಲ್ಲಿ ತುಳಿದು ಕುಟ್ಟಿ ಕುಗ್ಗಿಸಿ, ಮಳೆ ತಡೆಯುವ ಹಾಗೆ ಮಾಡೋದು. ಬೆಟ್ಟದ ರೈತರು, ಕುರಿಗಾರರು ಹಾಕುತ್ತಿದ್ದದ್ದು. ಈಗ ಅದು ದುಬಾರಿ ಕೋಟಿನ ಬಟ್ಟೆ. ಅವರ ಒರಟು ಉಣ್ಣೆ ಕೋಟಾದರೆ ನಮ್ಮದು ಯಾಕೆ ಆಗಬಾರದು?

ಈಗ ಕೆಲಸಕ್ಕೆ ಬರೋಣ. ಕಂಬಳಿಯ ಮೊದಲ ತೊಂದರೆ ಗಂಜಿ. ನೇಯುವಾಗ ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದ ಎಳೆಗಳಿಗೆ, ಹುಣಸೆ ಬೀಜದ ಸರಿ ಕಾಯಿಸಿ ಕುಂಚದಿಂದ ಹಚ್ಚುತ್ತಾರೆ. ನೂಲು ಹರಿಯದ ಹಾಗೆ ಅದು ಬೇಕೇ ಬೇಕು. ಕುರಿಗಾರರಿಗೆ ಆ ಬಿಗಿ ಒಳ್ಳೆಯದೇ. ಆದರೆ ಜಾಕೆಟ್‌ಗೆ ಅದೇ ಶತ್ರು. ತಣ್ಣೀರಿನಲ್ಲಿ ಎರಡು ದಿನ ನೆನೆಸಿದರೂ ಅದು ಪೂರ್ತಿ ಬಿಡಲ್ಲ. ಒಮ್ಮೆ ಒಬ್ಬರ ಮಾತು ಕೇಳಿ ಬಟ್ಟೆ ತೊಳೆಯುವ ಕಡೆ ಕೊಟ್ಟಾಗ ಅವರು ವಾಷಿಂಗ್ ಸೋಡಾ ಹಾಕಿದ್ದರು. ಗಂಜಿ ಹೋಯಿತು, ಜತೆಗೆ ಉಣ್ಣೆಯ ಜೀವವೂ ಹೋಯಿತು. ಕೈಯಲ್ಲಿ ಹಿಡಿದರೆ ಪುಡಿಪುಡಿ. ಉಣ್ಣೆಗೆ ಸೋಡಾ ತೋರಿಸಲೇಬಾರದು.

ಬಿಸಿ ನೀರು ಬೇಕು, ಕೈ ತಾಳುವಷ್ಟಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ. ಅದರಲ್ಲಿ ಕಂಬಳಿ ಮುಳುಗಿಸಿ, ಮುಚ್ಚಿ, ಮುಟ್ಟದೆ ಬಿಡಬೇಕು. ಬಿಸಿಯಲ್ಲಿ ಕೈಯಾಡಿಸಿದರೆ ಅಲ್ಲಲ್ಲಿ ಕುಗ್ಗಿ ಸೊಟ್ಟಗಾಗುತ್ತೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ಕಂದುಬಣ್ಣಕ್ಕೆ ತಿರುಗಿ ಲೋಳೆಲೋಳೆ ಇರುತ್ತೆ, ಬೆರಳಿಗೆ ನೂಲು ನೂಲಾಗಿ ಎಳೆಯುತ್ತೆ. ಅದೇ ಹುಣಸೆ ಸರಿ. ಆ ನೀರು ಚೆಲ್ಲಿ ಇನ್ನೊಮ್ಮೆ. ಮೂರನೇ ನೀರಿಗೆ ಲೋಳೆ ನಿಲ್ಲುತ್ತೆ. ಕಲಬುರಗಿಯ ಬೋರ್ ನೀರು ಬಹಳ ಗಡಸು, ಸಾಬೂನು ಮೊಸರಾಗಿ ಉಣ್ಣೆಗೆ ಅಂಟುತ್ತೆ. ನಾನು ಮಳೆಗಾಲದಲ್ಲಿ ಮಾಳಿಗೆ ನೀರು ಸಿಂಟೆಕ್ಸ್‌ಗೆ ತುಂಬಿಸಿಕೊಂಡು ಆಗಲೇ ವರ್ಷದ ಕಂಬಳಿ ಎಲ್ಲ ತೊಳೆದು ಇಡುತ್ತೇನೆ.

ಆಮೇಲೆ ತುಳಿಯೋದು. ಅಂಟುವಾಳ ಕಾಯಿ ರಾತ್ರಿ ನೆನೆಸಿ ಕಿವುಚಿದ ನೀರು, ಬೆಚ್ಚಗೆ. ಅದಕ್ಕೆ ಇನ್ನೊಂದು ಹುಳಿ ಸಾಮಾನು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಅಂಗಳದ ಶಹಾಬಾದ್ ಫರ್ಸಿ (ಹಾಸುಗಲ್ಲು) ಮೇಲೆ ಕಂಬಳಿ ಸುರುಳಿ ಸುತ್ತಿ ಇಬ್ಬರು ನಿಂತು ಕಾಲಿಂದ ತುಳಿಯಬೇಕು. ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿ, ತಿರುಗಿಸಿ ಸುತ್ತಿ, ಟೇಪ್ ಹಿಡಿದು ನೋಡಬೇಕು. ಬಿಸಿ, ನೀರು, ತಿಕ್ಕಾಟ ಮೂರೂ ಕೂಡಿದರೆ ಉಣ್ಣೆಯ ಎಳೆ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಬಟ್ಟೆ ಗಿಡ್ಡವಾಗಿ ಬಿಗಿಯಾಗುತ್ತೆ. ನೂರಕ್ಕೆ 12ರಷ್ಟು ಕುಗ್ಗಿದ ಕೂಡಲೇ ನಿಲ್ಲಿಸೋದು. ಇದಾದ ಮೇಲೆ ಕತ್ತರಿ ಹಾಕಿದರೂ ನೂಲು ಬಿಚ್ಚೋದು ಬಹಳ ಕಡಿಮೆ. ದೊಡ್ಡ ಕುರಿಯ ಉಣ್ಣೆ ಇಷ್ಟು ಕೂಡಿಕೊಳ್ಳಲ್ಲ, ಅದಕ್ಕೆ ನಾನು ಹೊಕ್ಕಿಗೆ (ಅಡ್ಡ ಎಳೆಗೆ) ಮರಿ ಉಣ್ಣೆಯೇ ಹಾಕಿಸುತ್ತೇನೆ. ಮರಿಯ ಮೊದಲ ಕತ್ತರಿಯ ಉಣ್ಣೆ ಸಣ್ಣ, ಮೆತ್ತಗೆ. ನೇಯುವವರು ಅದಕ್ಕೆ 400–500 ಜಾಸ್ತಿ ತಗೊಳ್ತಾರೆ, ಕೊಡಬೇಕು.

ಒಣಗಿಸೋದು ನೆರಳಲ್ಲಿ, ಫರ್ಸಿ ಮೇಲೆ ಹರಡಿ. ಹಗ್ಗದ ಮೇಲೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜೋಲುತ್ತೆ. ಬಿಸಿಲಂತೂ ಬೇಡ. ಕರಿ ಕುರಿಯ ಬಣ್ಣ ಬಿಸಿಲಿಗೆ ಕೆಂಪಗಾಗುತ್ತೆ. ಅಂಗಡಿ ಗಾಜಿನೊಳಗೆ ತೂಗುಹಾಕಿದ ಒಂದು ಪೀಸ್ ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ಮಗ್ಗುಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಬೀದರಿನ ಒಬ್ಬ ಕಾಲೇಜು ಹುಡುಗ ಅದನ್ನೇ ಬೇಕು ಅಂತ ಹಟ ಹಿಡಿದು ಪೂರ್ತಿ ದುಡ್ಡು ಕೊಟ್ಟು ಒಯ್ದ. ಆಮೇಲೆ ಬೇಕಂತಲೇ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ ನೋಡಿದೆ. ಒಂದೊಂದು ಕಂಬಳಿಗೆ ಒಂದೊಂದು ಬಣ್ಣ ಬರುತ್ತೆ, ಹೇಳಿದ ಹಾಗೆ ಬರಲ್ಲ. ಸದ್ಯಕ್ಕೆ ಅದನ್ನು ಬಿಟ್ಟಿದ್ದೇನೆ.

ಕಟಿಂಗ್ ಲೆಕ್ಕ ಹೀಗಿದೆ. ನಾನು ತರುವ ಕಂಬಳಿ ಸುಮಾರು 17 ಇಂಚಿನ ಎರಡು ಪಟ್ಟಿ ನೇಯ್ದು ನಡುವೆ ಕೂಡಿಸಿದ್ದು, ಉದ್ದ 8 ಅಡಿ. ತುಳಿದ ಮೇಲೆ ಪಟ್ಟಿ ಅಗಲ 15, ಉದ್ದ 84 ಇಂಚು. ನಡುವಿನ ಹೊಲಿಗೆ ಬಿಚ್ಚಿ ಎರಡೂ ಪಟ್ಟಿ ಬೇರೆ ಮಾಡೋದು. ಒಂದೊಂದರಿಂದ 56 ಇಂಚು ತೆಗೆದರೆ ಅದೇ ಒಂದು ಭುಜದ ಮೇಲಿಂದ ಮುಂದೆ 28, ಹಿಂದೆ 28 ಇಳಿಯುತ್ತೆ. ಭುಜದಲ್ಲಿ ಹೊಲಿಗೆ ಇಲ್ಲ, ಮಡಿಕೆ ಮಾತ್ರ. ಬೆನ್ನ ನಡುವೆ ಎರಡನ್ನೂ ಮತ್ತೆ ಕೂಡಿಸೋದು. ಒಂದು ಪಟ್ಟಿಯಲ್ಲಿ ಉಳಿದ 28 ಇಂಚು ಹುಡ್. ಇನ್ನೊಂದರಲ್ಲಿ ಉಳಿದ 28 ಇಂಚು 14ರ ಎರಡು ತೋಳು. ಒಂದು ಕಂಬಳಿಗೆ ಮೂರೇ ಕತ್ತರಿ, ಕೊರಳಿಗೆ ಎರಡು ಸಣ್ಣ ಸೀಳು. ಚೂರೂ ದಂಡ ಇಲ್ಲ. ಪೇಟೆ ಪ್ಯಾಟರ್ನ್‌ನಲ್ಲಿ ಕಾಲು ಭಾಗ ಕಸಕ್ಕೆ ಹೋಗುತ್ತಿತ್ತು. ಮುಂದಿನ ಎರಡು ಅಂಚು, ಹುಡ್ಡಿನ ಮುಖದ ಅಂಚು ಎಲ್ಲ ಮಗ್ಗದಲ್ಲೇ ಬಂದ ಅಂಚು. ಅವನ್ನು ಮಡಚೋದೂ ಬೇಡ, ಪಟ್ಟಿ ಕೊಡೋದೂ ಬೇಡ. ಇದನ್ನು ನೋಡಿಯೇ ಆ ಇಬ್ಬರು ಮಾಸ್ಟರ್‌ಗಳು ಸುಮ್ಮನಾದದ್ದು.

ತೋಳು ನೆಟ್ಟಗಿನ ಪಟ್ಟಿ ಆದ್ದರಿಂದ ಕೈ ಎತ್ತಿದರೆ ಬಗಲಲ್ಲಿ ಹಿಡಿಯುತ್ತೆ. ಅಲ್ಲಿ 4 ಇಂಚಿನ ಚೌಕ ತುಂಡು ಬೇಕೇ ಬೇಕು, ಗುಂಡಿ ಬದಲು ಲಾಡಿ ಕಟ್ಟುವ ಹಳೇ ಕಸೆ ಅಂಗಿಗಳಲ್ಲಿ ಇರುತ್ತಿತ್ತಲ್ಲ, ಅದೇ. ಕಂಬಳಿಯದ್ದೇ ಹಾಕಿದರೆ ದಪ್ಪ. ನಾನು ಗುಳೇದಗುಡ್ಡದ ಖಣ ಎರಡು ಪದರ ಮಾಡಿ ಹಾಕುತ್ತೇನೆ. ಕರಿ ಜಾಕೆಟ್ ಹಾಕಿದವರು ಕೈ ಎತ್ತಿದಾಗ ಮಾತ್ರ ಕೆಂಪು ಖಣ ಕಾಣುತ್ತೆ. ಗಿರಾಕಿಗಳು ಫೋಟೊ ತೆಗೆದು ಕಳಿಸೋದು ಅದೇ ಜಾಗದ್ದು.

ಹೊಲಿಗೆಗೆ ಹಳೇ ಉಷಾ ಕಾಲು ಮೆಷಿನ್ನೇ ಸರಿ. 18 ನಂಬರ್ ಸೂಜಿ, ಕತ್ತಿನ ಹತ್ತಿರ 21. ಸೂಜಿ ಪಕ್ಕ ಬಟ್ಟೆ ಒತ್ತಿ ಹಿಡಿಯುವ ಕಾಲಿನ ಒತ್ತಡ ಸಡಿಲ ಮಾಡಿ, ಹೊಲಿಗೆ ದೊಡ್ಡದಿಡಿ. ಕತ್ತರಿ ಹಾಕುವ ಗೆರೆಯ ಎರಡೂ ಬದಿಗೆ ಮೊದಲೇ ಒಂದೊಂದು ಹೊಲಿಗೆ ಹೊಡೆದು, ಆಮೇಲೆ ನಡುವೆ ಕತ್ತರಿಸಿ. ಜಿಪ್ ಬೇಡ. ಉಣ್ಣೆ ಅಲೆಅಲೆಯಾಗಿ ಏಳುತ್ತೆ. ನಾನು ಕಸೆ ಕಟ್ಟುವ ಹಾಗೆ ಮಾಡಿದ್ದೇನೆ, ಎರಡು ಜೊತೆ.

ಚುಚ್ಚುವ ತೊಂದರೆಗೆ ಪೂರ್ತಿ ಅಸ್ತರ್ ಕೊಟ್ಟರೆ ಜಾಕೆಟ್ ಹೊರಲಾರದಷ್ಟು ಭಾರ. ಹುಡ್, ಕತ್ತು, ತೋಳು, ಇಷ್ಟಕ್ಕೆ ಮಾತ್ರ ಸಾಕು. ಬಟ್ಟೆ ಮಾತ್ರ ಹಳೇ ಧೋತರವೇ ಆಗಬೇಕು. ಹತ್ತಾರು ವರ್ಷ ಒಗೆದು ಒಗೆದು ಮೆತ್ತಗಾದ ಧೋತರದ ಮುಂದೆ ಹೊಸ ಮಲ್ಮಲ್ ಏನೂ ಅಲ್ಲ. ಮನೆಮನೆಯಿಂದ ಕೊಳ್ಳುತ್ತೇನೆ, 60–80 ರೂಪಾಯಿ ಒಂದಕ್ಕೆ.

ಇದರ ನಡುವೆ ಬೇರೆ ಬೇರೆ ಮಾಡಿ ನೋಡಿದ್ದೂ ಇದೆ. ಲಂಬಾಣಿ ತಾಂಡಾದ ಹೆಣ್ಣುಮಕ್ಕಳಿಂದ ಹುಡ್ಡಿನ ಸುತ್ತ ಕನ್ನಡಿ ಕಸೂತಿ ಹಾಕಿಸಿದೆ. ನೋಡೋಕೆ ಬಹಳ ಚಂದ, ಆದರೆ ಭಾರಕ್ಕೆ ಹುಡ್ ಹಿಂದಕ್ಕೆ ಜಗ್ಗುತ್ತೆ. ಈಗ ಕಸೆಯ ತುದಿಗೆ ಮಾತ್ರ ಹಾಕಿಸುತ್ತೇನೆ. ಬಿಳಿ ಉಣ್ಣೆಗೆ ದಾಳಿಂಬೆ ಸಿಪ್ಪೆ, ಪಟಕ (ಆಲಮ್) ಹಾಕಿ ಕುದಿಸಿದರೆ ಒಳ್ಳೆ ಸಾಸಿವೆ ಹಳದಿ ಬರುತ್ತೆ. ಅದನ್ನು ಮುಂದುವರಿಸಬೇಕು. ಹಳೇ ಜಾಕೆಟ್‌ಗಳನ್ನು ಬಿಚ್ಚಿದ ತುಂಡುಗಳಿಂದ ಚಳಿಗಾಲಕ್ಕೆ ಮನೆಯೊಳಗೆ ಹಾಕುವ ಚಪ್ಪಲಿ ಮಾಡೋಣ ಅಂತ ಹೊರಟಾಗ ನನಗೆ ಕಂಬಳಿ ನೇಯ್ದು ಕೊಡುವ ಕಾಕಾ ತಡೆದ. "ಗದ್ದಿಗಿ ಹಾಕೋ ಬಟ್ಟಿ ಅದ ಯಕ್ಕಾ, ಕಾಲಿಗಿ ಹಾಕಬ್ಯಾಡ್ರಿ." ಕುರುಬರ ದೇವರು ಬೀರಪ್ಪನ ಪೂಜೆಗೆ, ಮದುವೆಗೆ ಕಂಬಳಿ ಹಾಸಿ ಗದ್ದಿಗೆ ಮಾಡುವವರು ಅವರು. ಆ ಮಾತು ಮೀರಲಿಲ್ಲ, ಮೀರೋದೂ ಇಲ್ಲ. ತುಂಡುಗಳು ಚೀಲ ಆದವು.

ದುಡ್ಡಿನ ಲೆಕ್ಕ: ಮರಿ ಉಣ್ಣೆ ಕಂಬಳಿ 2,300 ಸುಮಾರು. ಅಸ್ತರ್, ಖಣ, ದಾರ ಸೇರಿ 250. ತೊಳೆದು ತುಳಿಯುವ ಕೂಲಿ 300, ಹೊಲಿಗೆ 450. ಹತ್ತಿರ ಹತ್ತಿರ 3,300. ನಾನು ಮಾರೋದು 5,500ಕ್ಕೆ. ಬೊಟಿಕ್‌ನವರು ಕಮಿಷನ್ ಮುರಿದುಕೊಂಡರೆ ನನಗೆ 700–800 ಉಳಿಯುತ್ತೆ, ನೇರ ಮಾರಿದರೆ ಎರಡು ಸಾವಿರದ ಮೇಲೆ. ಹಾಗಾಗಿ ಈಗ ಬೊಟಿಕ್‌ಗೆ ಕೊಡೋದು ಕಡಿಮೆ. ಬೀದರಿನ ಡಿಸೆಂಬರ್ ಚಳಿ ನನಗೆ ಒಳ್ಳೆ ಪೇಟೆ. ಬೆಂಗಳೂರು, ಪುಣೆಯಿಂದ ಫೋನ್ ಮೇಲೆ ಆರ್ಡರ್ ಬರುತ್ತೆ. ಕಷ್ಟ ಇರೋದು ಬೇರೆ ಕಡೆ. ಕಂಬಳಿಗೆ ದುಡ್ಡು ಹಾಕೋದು ಜೂನ್‌ನಲ್ಲಿ, ಕೈಗೆ ಬರೋದು ಜನವರಿಯಲ್ಲಿ. ಅಷ್ಟು ತಿಂಗಳ ಬಡ್ಡಿ ಲೆಕ್ಕಕ್ಕೆ ಹಿಡಿಯದೆ ಯಾರೂ ಇದಕ್ಕೆ ಕೈ ಹಾಕಬೇಡಿ. ಬೇಸಿಗೆಯಲ್ಲಿ ಅಂಗಡಿ ನಡೆಸೋದು ಬ್ಲೌಸ್ ಹೊಲಿಗೆಯೇ.

ಇನ್ನೊಂದು ವಿಷಯ ಮನಸ್ಸಿಗೆ ಹತ್ತಿದೆ. ನಮ್ಮ ಕಡೆ ಎಷ್ಟೋ ಕುರಿಗಾರರು ಉಣ್ಣೆ ಕತ್ತರಿಸಿ ಹೊಲದಲ್ಲೇ ಬಿಟ್ಟು ಹೋಗುತ್ತಾರೆ. ಕತ್ತರಿಸುವ ಕೂಲಿಯೂ ಅದರಿಂದ ಹುಟ್ಟಲ್ಲ. ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಮಿಲ್ಲಿನ ಬ್ಲಾಂಕೆಟ್ 300ಕ್ಕೆ ಸಿಗುವಾಗ ಕೈಮಗ್ಗದ ಕಂಬಳಿಗೆ ಎರಡು ಸಾವಿರ ಯಾರು ಕೊಡುತ್ತಾರೆ ಅಂತ ನೇಯುವ ಕಾಕಾನ ಮಗ ಮಗ್ಗ ಬಿಟ್ಟು ಪುಣೆಗೆ ಹೋಗಿದ್ದ. ಹೋದ ವರ್ಷ ವಾಪಸ್ ಬಂದು ಮಗ್ಗದ ಗುಂಡಿಗೆ ಇಳಿದಿದ್ದಾನೆ. ನನ್ನ ಆರ್ಡರ್ ಒಂದರಿಂದಲೇ ಅಂತ ಹೇಳಲ್ಲ, ಆದರೆ ಅದೂ ಒಂದು ಕಾರಣ.

ಈ ಸಲ 40ರಷ್ಟು ಕಂಬಳಿ ಹೇಳಿದ್ದೇನೆ. ಮಕ್ಕಳ ಸೈಜ್ ಕೇಳುವವರು ಜಾಸ್ತಿ ಆಗಿದ್ದಾರೆ. ತುಳಿದ ಮೇಲೆ 11 ಇಂಚು ಉಳಿಯುವ ಹಾಗೆ ಕಿರಿದು ಪಟ್ಟಿ ನೇಯ್ದು ಕೊಟ್ಟರೆ ಆರು ವರ್ಷದ ಮಗುವಿಗೆ ಸರಿಹೋಗುತ್ತೆ, ಉದ್ದವೂ ಮಿಗುತ್ತೆ. ಆದರೆ ಅದಕ್ಕೆ ಬೇರೆ ಹಣಿಗೆ (ಮಗ್ಗದ ಬಾಚಣಿಗೆ) ಕಟ್ಟಿಸಬೇಕು, ಅದರ ಖರ್ಚು ಯಾರದು ಅಂತ ಕಾಕಾನ ಜತೆ ಇನ್ನೂ ಮಾತು ನಡೆದಿದೆ. ಅರ್ಧ ನಾನು ಹಾಕುತ್ತೇನೆ ಅಂದಿದ್ದೇನೆ.